ಎಡಗಡೆಯ ಕಿಟಕಿ

ನಂಜನಗೂಡಿನಲ್ಲಿ ಕಾರುಗಳ ಬಾಗಿಲು, ಕಿಟಕಿ ರಿಪೇರಿ ಮಾಡುವ ನಿಂಗರಾಜುವಿಗೆ ಗಲೀಜು ಕಂಡರೆ ಆಗುವುದಿಲ್ಲ. ಅರ್ಧ ಆಯುಸ್ಸು ಇದೇ ಕೆಲಸದಲ್ಲಿ ಕಳೆದರೂ ಅಸಹ್ಯ ಮಾತ್ರ ಹೋಗಿಲ್ಲ. ಹೊರಗಿನಿಂದ ಫಳಫಳ ಅನ್ನುವ ಕಾರು. ಬಾಗಿಲು ಬಿಚ್ಚಿದರೆ ಕಡಲೆಕಾಯಿ ಸಿಪ್ಪೆ, ಸತ್ತ ಜಿರಳೆ, ಯಾರದೋ ಕೂದಲ ಗಂಟು. ಥೂ! ಮೂಗಿಗೆ ಟವೆಲು ಬಿಗಿದುಕೊಂಡೇ ಕೈ ಹಾಕುತ್ತಾನೆ. ಅದರಲ್ಲೂ ಉಗುಳು ಕಂಡರಂತೂ ಮುಗಿಯಿತು. ಅಂಗಡಿ ಮುಂದೆ ಎಲೆಅಡಿಕೆ ಉಗಿದವರು ಎಂಥ ದೊಡ್ಡ ಮನುಷ್ಯರೇ ಆಗಲಿ, ಅವರ ಕೈಗೇ ಬಕೀಟು ಕೊಟ್ಟು ತೊಳೆಸದೆ ಬಿಡುವವನಲ್ಲ.

ಇಂಥವನ ಮಗಳು ಗಾನವಿಗೆ ಮೂಗೂರಿನಿಂದ ಸಂಬಂಧ ಬಂತು. ಹುಡುಗ ನಂಜೇಶನಿಗೆ ತಿ. ನರಸೀಪುರದಲ್ಲಿ ಟೈಲ್ಸ್ ಅಂಗಡಿ. ಮನೆಯಲ್ಲಿ ತಾಯಿ ಮಲ್ಲಾಜಮ್ಮ ಒಬ್ಬಳೇ. ಬೀಡಿಯಿಲ್ಲ, ಕುಡಿತವಿಲ್ಲ, ಇರುವ ಹುಚ್ಚೆಲ್ಲ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರಿನದು. ಎರಡೇ ಬಾಗಿಲು, ಎರಡೇ ಸೀಟು, ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಕಿಟಕಿ ಇಳಿಸಬೇಕು. ಗಾನವಿಯನ್ನು ಕೇಳಿದರೆ, "ನಂಗೆ ಒಪ್ಗೆ ಅಪ್ಪಾ. ಆದ್ರೂ ನೀನೊಂದ್ಸಲ ಸರ್ಯಾಗಿ ನೋಡ್ಬುಡು" ಅಂದಿದ್ದಳು. ಸೋಮವಾರ ಸಂಜೆ ಎಲೆಶಾಸ್ತ್ರ ಅಂತ ಗೊತ್ತಾಯಿತು. ಎರಡೂ ಕಡೆಯವರು ಎಲೆಅಡಿಕೆ ತಟ್ಟೆ ಬದಲಾಯಿಸಿಕೊಂಡರೆ ಮುಗಿಯಿತು, ಆಮೇಲೆ ಮಾತು ಹಿಂದಕ್ಕೆ ತೆಗೆಯುವ ಹಾಗಿಲ್ಲ.

ಆವತ್ತು ಬೆಳಿಗ್ಗೆಯೇ ತಾಯಿ ಮಗ ಕಾರಿನಲ್ಲಿ ಬಂದರು. ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಕಾರು ನೋಡಿಬಿಡಿ ಎಂದ ನಂಜೇಶ.

"ನನ್ ಕಡೆ ಕಿಟ್ಕಿ ಬಿಗಿಯಾಗ್ಬುಟ್ಟದೆ ಮಾವ. ತಿರುಗ್ಸಿ ತಿರುಗ್ಸಿ ರಟ್ಟೆ ಬಿದ್ದೋಯ್ತು. ಎಡಗಡೇದು ಮುಟ್ಬೇಡಿ, ಅದು ಅಂಗೇ ಇರ್ಲಿ."

ಎಡಗಡೆಯಿಂದ ಮಲ್ಲಾಜಮ್ಮ ಇಳಿದಳು. ಮೈಯೆಲ್ಲ ಬೆವರಿ, ಮುಖ ಕೆಂಪಾಗಿತ್ತು. ಬಾಯ್ತುಂಬ ಎಲೆಅಡಿಕೆ. ನೇರ ಚರಂಡಿಗೆ ಹೋಗಿ ಉಗಿದು, ಸೆರಗಿನಲ್ಲಿ ಗಾಳಿ ಬೀಸಿಕೊಂಡಳು. ನಿಂಗರಾಜು ಮುಖ ಆ ಕಡೆಗೆ ತಿರುಗಿಸಿದ.

ಬಲಗಡೆಯ ಕೆಲಸ ಕಷ್ಟವಾಗಲಿಲ್ಲ. ಹ್ಯಾಂಡಲ್ ಕಿತ್ತು, ಬಾಗಿಲಿನ ಪ್ಯಾಡ್ ಬಿಚ್ಚಿದ. ಹಳೇ ಗ್ರೀಸು ಧೂಳು ಹಿಡಿದು ಹುಣಸೆಹಣ್ಣಿನ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದು, ಹಲ್ಲುಚಕ್ರಕ್ಕೆ ಹೊಸ ಗ್ರೀಸು ಹಚ್ಚಿ, ಗಾಜು ಓಡಾಡುವ ರಬ್ಬರಿಗೆ ಸಿಲಿಕಾನ್ ಹೊಡೆದ. ಗಾಜು ಒಂದೇ ಬೆರಳಿಗೆ ಇಳಿಯಿತು. ಆಗುವ ಅಳಿಯನ ಕಾರು, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಯಾಕೆ ಅಂತ ಎಡಗಡೆಯದಕ್ಕೂ ಕೈ ಹಾಕಿದ.

ಪ್ಯಾಡ್ ಬಿಚ್ಚಿದ್ದೇ ತಡ, ಗಬ್ಬುನಾತ ಮುಖಕ್ಕೆ ರಾಚಿತು. ಬಾಗಿಲೊಳಗೆಲ್ಲ ಎಲೆಅಡಿಕೆಯ ಉಗುಳು! ಕೆಳಗೆ ಒಣಗಿ ಹೆಕ್ಕಳಿಕೆ ಕಟ್ಟಿದೆ, ಮೇಲೆ ಇನ್ನೂ ಹಸಿಹಸಿ, ನೊಣ ಬೇರೆ. ಥೂ ಥೂ ಥೂ! ನಿಂಗರಾಜು ಚರಂಡಿಗೆ ಓಡಿಹೋಗಿ ಬೆಳಗಿನ ಇಡ್ಲಿಯನ್ನೆಲ್ಲ ಕಕ್ಕಿದ. ಮುದುಕಿಗೆ ಹೇಸಿಗೆ ಬೇಡವಾ? ನನ್ನ ಮಗಳು ಇವಳ ಉಗುಳು ಬಳಿಯೋಕೆ ಹೋಗಬೇಕಾ? ಬಾಯಿಗೆ ಬಂದದ್ದೆಲ್ಲ ಬೈದುಕೊಂಡು, ಟವೆಲನ್ನು ಇನ್ನಷ್ಟು ಬಿಗಿದು, ಟಾರ್ಚು ಹಿಡಿದು ಮತ್ತೆ ಬಗ್ಗಿದ.

ಗಾಜಿನ ಕೆಳಗೆ ಏನೋ ಅಡ್ಡ ಇತ್ತು. ಎಳೆದರೆ ಮರದ ಬೆಣೆ. ಗಾಜು ನಾಲ್ಕು ಬೆರಳಿಗಿಂತ ಕೆಳಗೆ ಇಳಿಯಬಾರದು ಅಂತಲೇ ಅಳತೆ ನೋಡಿ ಹೊಡೆದದ್ದು. ಕಟಕಟ ಸದ್ದಾಗದಿರಲಿ ಅಂತ ಹಳದಿ ಬಟ್ಟೆ ಸುತ್ತಿದೆ. ಕಾರು ಒರೆಸಲು ನಂಜೇಶ ಸ್ಟೇರಿಂಗ್ ಮುಂದೆ ಮಡಿಸಿಟ್ಟಿದ್ದು ಅದೇ ಬಟ್ಟೆ. ಬಾಯಿ ತುಂಬಿದ ಮುದುಕಿ ಆ ಸಂದಿಯಲ್ಲಿ ಉಗಿದಿದ್ದಾಳೆ, ಉಗುಳು ಗಾಜಿನ ಹೊರಮೈಯಲ್ಲಿ ಜಾರಿ ಬಾಗಿಲೊಳಗೆ ಇಳಿದಿದೆ. ಮೇಲೆ ತಳಕು, ಒಳಗೆ ಹುಳುಕು!

ಬಾಗಿಲು ತೊಳೆದು, ಕಿಟಕಿ ಸರಿಮಾಡಿ, ಬೆಣೆ ಕೈಯಲ್ಲಿ ಹಿಡಿದೇ ಕೂತ. ಇಬ್ಬರೂ ದೇವಸ್ಥಾನದಿಂದ ಬಂದರು.

"ಇದೇನಪ್ಪಾ?"

ನಂಜೇಶ ನಕ್ಕುಬಿಟ್ಟ. "ಅಯ್ಯೋ, ಅದ್ಯಾಕ್ ತೆಗದ್ರಿ ಮಾವ? ಅವ್ವ ಉಗ್ದು ಉಗ್ದು ಪೇಂಟೆಲ್ಲ ಆಳ್ ಮಾಡ್ತಿತ್ತು. ಅದಕ್ಕೇ ಇಳೀದಂಗೆ ಮಾಡಿದ್ದೆ."

ಮಲ್ಲಾಜಮ್ಮ ಬೆಣೆಯನ್ನು ನೋಡಿದಳು, ಮಗನನ್ನು ನೋಡಿದಳು. "ಕಿಟ್ಕಿ ಕೆಟ್ಟೋಗದೆ, ಪಾರ್ಟು ಸಿಗಾಕಿಲ್ಲ ಅಂದಿದ್ದಲ್ಲೋ ಮಗಾ. ಬ್ಯಾಸ್ಗೇಲಿ ಉಸ್ರು ಕಟ್ಟಿ ತಲೆ ಸುತ್ ಬಂದಾಗ್ಲೂ ಅಂಗೇ ಅಂದ್ಯಲ್ಲೋ."

"ಗಾನವಿಗೇನ್ ತೊಂದ್ರೆ ಇಲ್ಲ ಮಾವ" ಎಂದ ನಂಜೇಶ ಆತುರದಲ್ಲಿ. "ಅವ್ಳು ಎಲೆಅಡ್ಕೆ ಆಕಲ್ವಲ್ಲ. ಮದ್ವೆ ಆದ್ಮೇಲೆ ತೆಗ್ದೇ ಬುಡ್ತಿದ್ದೆ."

"ನಾಳೆ ಅವ್ಳು ಬಸ್ರಿಯಾಗಿ, ದಾರೀಲಿ ವಾಂತಿ ಬಂದ್ರೆ?" ಎಂದ ನಿಂಗರಾಜು.

ನಂಜೇಶನ ಕಣ್ಣು ತಾನಾಗಿ ಕಾರಿನ ಕೆಂಪು ಬಾಗಿಲ ಮೇಲೆ ಹೋಯಿತು. ನಿಂಗರಾಜುವಿಗೆ ಅಷ್ಟು ಸಾಕಾಯಿತು. ಆವಾಗಿನ ನಾತಕ್ಕಿಂತ ಈ ನೋಟಕ್ಕೇ ಅವನಿಗೆ ಜಾಸ್ತಿ ಹೇಸಿಗೆಯಾಯಿತು.

"ಮಲ್ಲಾಜಕ್ಕ, ಸಂಜೆ ಎಲೆಶಾಸ್ತ್ರ ಇಲ್ಲ. ತಪ್ಪು ತಿಳ್ಕೋಬೇಡಿ" ಎಂದ.

"ಒಂದ್ ಬೆಣೆಗೋಸ್ಕರ ಸಂಬಂಧ ಬುಡ್ತೀರಾ ಮಾವ?" ಎಂದು ನಂಜೇಶ ಕೂಗಾಡಿದ. ಮಲ್ಲಾಜಮ್ಮ ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿದಳು, ಅಡಿಕೆ ಹಾಕಿ ಮಡಿಸಿ ಬಾಯಿಗಿಟ್ಟಳು, ಮಗನ ಕೂಗಾಟ ಮುಗಿಯುವವರೆಗೂ ಅಗಿಯುತ್ತಾ ನಿಂತಳು. ಆಮೇಲೆ ಎಡಗಡೆ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು ಹ್ಯಾಂಡಲ್ ತಿರುಗಿಸಿದಳು. ಗಾಜು ಸರ್ರನೆ ಪೂರ್ತಿ ಕೆಳಗಿಳಿಯಿತು. ತಲೆ ಹೊರಗೆ ಹಾಕಿ, ಬಾಯಲ್ಲಿದ್ದದ್ದನ್ನೆಲ್ಲ ಬಾಗಿಲ ಉದ್ದಕ್ಕೂ ಪಿಚಕ್ಕನೆ ಉಗಿದಳು.

"ಅವ್ವಾ!" ಎಂದು ನಂಜೇಶ ಕಿರುಚಿದ. "ಮಾವ, ಬಟ್ಟೆ ಕೊಡಿ, ಬಟ್ಟೆ!"

ನಿಂಗರಾಜು ಒಳಗೆ ಹೋಗಿ ಬಕೀಟಿನ ತುಂಬ ನೀರು ತಂದ. ಇಷ್ಟು ವರ್ಷ ಉಗಿದವರ ಕೈಗೇ ಕೊಡುತ್ತಿದ್ದ ಬಕೀಟನ್ನು ಈ ಸಲ ನಂಜೇಶನ ಕಾಲ ಬಳಿ ಕುಕ್ಕಿದ.

"ತೊಳಿ" ಎಂದ.