ಲಿವರ್ ಪೆಟ್ಟಿಗೆಯ ಮುಂದೆ ಒಂದು ‘ಆಯ್ತು’

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಫೋನಿನಲ್ಲಿ ದೊಡ್ಡ ಡಾಕ್ಟರ ದನಿ ತೆಗೆದವನು ನಾನೇ. ಮಂಚೇನಹಳ್ಳಿಯಲ್ಲಿ ಕಂಡಕ್ಟರ ದನಿಯಲ್ಲಿ ‘ರೈಟ್ ರೈಟ್’ ಎಂದು ಕಂಡಕ್ಟರನ್ನೇ ಬಿಟ್ಟು ಬಸ್ಸು ಹೊರಡಿಸಿ ಒದೆ ತಿಂದವನಿಗೆ ಅಂದೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಚೆನ್ನೈಗೆ ಹೊರಟಾಗ ಬಟ್ಟೆಯ ಜೊತೆ ಈ ದನಿ ಅಣಕಿಸುವ ಚಟವೂ ಬ್ಯಾಗಿನಲ್ಲಿ ಬಂತು.

ಇಲ್ಲಿನ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ ಒಂದು ಪೆಟ್ಟಿಗೆ ಕಾಯುವುದು. ಮೊದಲ ದಿನ ಅದರೊಳಗೆ ಇಣುಕಿದೆ. ಪಾರದರ್ಶಕ ಮುಚ್ಚಳದ ಕೆಳಗೆ ಯಾರದೋ ಲಿವರ್, ಒಂಟಿಯಾಗಿ, ಬದುಕಿತ್ತು. ಊರಿನ ಮಟನ್ ಅಂಗಡಿಯಲ್ಲಿ ‘ಒಂಚೂರು ಕಾರ್ಜ ಜಾಸ್ತಿ ಹಾಕಣ್ಣ’ ಎನ್ನುವವನು ನಾನು. ಈ ಕಾರ್ಜ ಬೆಚ್ಚಗಿತ್ತು. ಪಂಪು ರಕ್ತ ತಳ್ಳುತ್ತಿತ್ತು, ಸಣ್ಣ ನಳಿಕೆಯಿಂದ ಪಿತ್ತ ತೊಟ್ಟಿಕ್ಕುತ್ತಿತ್ತು. ಕೊಟ್ಟುಹೋದವರು ಇರಲಿಲ್ಲ, ಅವರ ಲಿವರ್ ಮಾತ್ರ ಡ್ಯೂಟಿಯಲ್ಲಿತ್ತು. ಆಮೇಲೆ ಎಷ್ಟೋ ದಿನ ನನಗೆ ಕಾರ್ಜ ಸೇರಲಿಲ್ಲ.

ಬಹಳ ಕಡೆ ಈಗಲೂ ಲಿವರನ್ನು ಐಸಿನಲ್ಲಿಟ್ಟುಕೊಂಡು ಓಡುತ್ತಾರೆ. ಐಸಿನಲ್ಲಿ ಅದು ಮಲಗಿರುತ್ತದೆ; ಕೆಲಸ ಮಾಡುತ್ತದೋ ಇಲ್ಲವೋ ಇನ್ನೊಬ್ಬರ ಹೊಟ್ಟೆಯೊಳಗೆ ಹೊಲಿದ ಮೇಲೆ ಗೊತ್ತಾಗಬೇಕು. ಪೆಟ್ಟಿಗೆಯಲ್ಲಿ ಅದು ಎಚ್ಚರವಾಗಿರುತ್ತದೆ, ಹೆಚ್ಚು ಹೊತ್ತು ತಡೆಯುತ್ತದೆ, ತನ್ನ ಯೋಗ್ಯತೆಯನ್ನು ಮೊದಲೇ ತೋರಿಸಿಬಿಡುತ್ತದೆ. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಪಂಪು ನೋಡಿಕೊಳ್ಳುವ ಅಪ್ಪನಿಗೆ ಇದನ್ನೆಲ್ಲ ಜಂಬದಿಂದ ವಿವರಿಸಿದೆ. "ಅಂದ್ರೆ ನೀನೂ ಪಂಪ್ ಆಪರೇಟ್ರೇ ಅನ್ನು," ಎಂದರು.

ಮನೆ ಹುಡುಕುವಾಗ ನಾನು ತೆಲುಗಿನವನಾದೆ, ಏಕೆಂದರೆ ಮಾಲೀಕರು ತೆಲುಗಿನವರು. ಅವರ ಹೆಂಡತಿಯ ಮುಂದೆ ತಮಿಳಿನವನಾಗಲು ಹೋಗಿ ನಗೆಪಾಟಲಾದೆ. ನಲ್ಲಿಯಲ್ಲಿ ನೀರು ನಿಂತ ದಿನ ಯಾವ ಭಾಷೆಯೂ ಕೆಲಸಕ್ಕೆ ಬರಲಿಲ್ಲ. ಗಾಡಿಯವನೊಬ್ಬ ‘ಕೂಳು ಬೇಕಾ’ ಎಂದು ಕೇಳಿದಾಗ ಬೈದನೆಂದೇ ತಿಳಿದು ಜಗಳಕ್ಕೆ ತೋಳು ಏರಿಸಿದ್ದೆ. ಇಲ್ಲಿ ಕೂಳು ಎಂದರೆ ರಾಗಿ ಗಂಜಿಯಂತೆ. ನಾವು ಮುದ್ದೆ ಕಟ್ಟಿ ನುಂಗುವುದನ್ನು ಇವರು ಮಜ್ಜಿಗೆ ಬೆರೆಸಿ ಚೊಂಬಿನಲ್ಲಿ ಕುಡಿಯುತ್ತಾರೆ. ಒಂದೇ ರಾಗಿ, ಆದರೂ ಹೊಟ್ಟೆ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಕಾಡಿದ್ದು ನಮ್ಮ ‘ಆಯ್ತು’. ಗೌರಿಬಿದನೂರಿನ ಕಡೆ ಒಪ್ಪಿದರೂ ಆಯ್ತು, ಒಪ್ಪದಿದ್ದರೂ ಆಯ್ತು, ಫೋನ್ ಇಡಬೇಕಾದರೂ ಆಯ್ತು. ತಮಿಳಿನಲ್ಲಿ ಅದಕ್ಕೆ ‘ಆಚ್ಚು’ ಎಂದು ನಾನೇ ಅನುವಾದಿಸಿಕೊಂಡಿದ್ದೆ. ಆದರೆ ಇವರ ಆಚ್ಚು ಎಂದರೆ ಕೆಲಸ ಮುಗಿಯಿತು, ಅಷ್ಟೇ.

ಆ ಫೋನ್ ಬಂದ ದಿನ, ಬೆಳಿಗ್ಗೆ ಬಂದ ಲಿವರ್ ಶಿಡ್ಲಘಟ್ಟದ ಮುನಿರಾಜಣ್ಣನಿಗೆಂದು ಗೊತ್ತಾಗಿತ್ತು. ರೇಷ್ಮೆ ನೂಲು ತೆಗೆಯುವ ಮನೆಯವರು. ಮಗಳನ್ನು ಕೊಟ್ಟ ಊರೆಂದು ಚೆನ್ನೈನಲ್ಲೇ ಲಿವರಿಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಅವರ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಉಬ್ಬಿತ್ತು. ಹೆಂಡತಿ ಸರೋಜಮ್ಮನಿಗೆ ಇಡೀ ಆಸ್ಪತ್ರೆಯಲ್ಲಿ ಅರ್ಥವಾಗುತ್ತಿದ್ದುದು ನನ್ನ ಮಾತೊಂದೇ.

ಪೆಟ್ಟಿಗೆಯ ರಕ್ತದಲ್ಲಿ ಲ್ಯಾಕ್ಟೇಟ್ ಎಂಬುದೊಂದು ಇಳಿಯಬೇಕು. ಇಳಿದರೆ ಲಿವರ್ ದುಡಿಯುತ್ತಿದೆ ಎಂದರ್ಥ. ಇನ್ನೂ ಇಳಿದಿರಲಿಲ್ಲ. ಡಾಕ್ಟರು ಆಚೆ ಹೋಗಿದ್ದರು. ನರ್ಸ್ ಸೆಲ್ವಿಯನ್ನು ನಗಿಸಲು ನಾನು ಡಾಕ್ಟರ ಮೂಗುದನಿ ತೆಗೆದಿದ್ದೆ. ಅಷ್ಟರಲ್ಲಿ ಫೋನ್ ಬಂತು; ಅದೇ ದನಿಯಲ್ಲಿ ಎತ್ತಿದೆ. ಆಪರೇಷನ್ನಿಗೆ ಎಲ್ಲ ಹೊಂದಿಸುವ ಕೋಆರ್ಡಿನೇಟರ್ ಕೇಳಿದರು: "ಡಾಕ್ಟರ್, ಟೆಸ್ಟ್ ಆಚ್ಚಾ?"

ಆಯ್ತಪ್ಪ, ಕೇಳಿಸ್ತು, ಇಡು ಎನ್ನುವ ಅರ್ಥದಲ್ಲಿ, "ಆಚ್ಚು, ಆಚ್ಚು," ಎಂದು ಇಟ್ಟುಬಿಟ್ಟೆ.

ಡಾಕ್ಟರು ಮರಳಿ ಬಂದು ನೋಡಿದಾಗ ಲ್ಯಾಕ್ಟೇಟ್ ಏರಿತ್ತು, ಪಿತ್ತ ನಿಂತಿತ್ತು. ಈ ಲಿವರ್ ಬೇಡ ಎಂದರು. ಅಷ್ಟರಲ್ಲಿ, ಟೆಸ್ಟ್ ಪಾಸಾಯಿತೆಂದು ಕೋಆರ್ಡಿನೇಟರ್ ಹೊರಡಿಸಿದ್ದ ಮುನಿರಾಜಣ್ಣ ತಲೆಗೆ ಹಸಿರು ಟೋಪಿ ಹಾಕಿಸಿಕೊಂಡು ಥಿಯೇಟರಿನ ಬಾಗಿಲಲ್ಲಿದ್ದರು. ಸರೋಜಮ್ಮ ಶಿಡ್ಲಘಟ್ಟಕ್ಕೆಲ್ಲ ಫೋನ್ ಮಾಡಿ ಮುಗಿಸಿದ್ದರು.

ಡಾಕ್ಟರು ನನ್ನನ್ನು ಬೈದರು. ಬೈಯುವಾಗ ಅವರಿಗೆ ಮೂಗುದನಿಯೇ ಇರಲಿಲ್ಲ. ಇಷ್ಟು ದಿನ ನಾನು ಮಾಡಿದ ಅಣಕವೂ ತಪ್ಪೇ. ಕೊನೆಗೆ, "ನೀನೇ ಹೋಗಿ ಹೇಳು, ಅವರ ಭಾಷೆಯಲ್ಲಿ," ಎಂದರು. ನನಗೆ ಎಲ್ಲರ ಮೇಲೂ ಸಿಟ್ಟು: ಫೋನಿನ ಮೇಲೆ, ತಮಿಳಿನ ಮೇಲೆ, ‘ಇದು ಬೇಡ’ ಎಂದು ಹೇಳುವುದಕ್ಕೇ ಇಷ್ಟು ಹೊತ್ತು ಗುಂಯ್‌ಗುಟ್ಟಿದ ಪೆಟ್ಟಿಗೆಯ ಮೇಲೆ.

ವಾರ್ಡಿನಲ್ಲಿ ಎಲ್ಲ ಹೇಳಿದೆ, ದನಿ ತೆಗೆದದ್ದನ್ನೂ, ‘ಆಚ್ಚು’ ಎಂದದ್ದನ್ನೂ, ಪೆಟ್ಟಿಗೆಯ ಮೇಲಿನ ಸಿಟ್ಟನ್ನೂ. ಮುನಿರಾಜಣ್ಣ ಗೋಡೆಯ ಕಡೆ ತಿರುಗಿದರು. ಸರೋಜಮ್ಮ ಗಂಡನ ಟೋಪಿಯನ್ನು ಮಡಿಚುತ್ತಾ ಕೂತಿದ್ದರು.

"ಪಂಪ್ ಸರಿಯಾಗಿತ್ತಾ?"

"ಸರಿಯಾಗಿತ್ತಮ್ಮ."

"ಬಿಸೀನೂ?"

"ಹೂಂ. ಲಿವರೇ ಕೆಲ್ಸ ಮಾಡ್ಲಿಲ್ಲ."

"ಬಿಸಿನೀರೆಷ್ಟು ಹದವಾಗಿದ್ರೂ ಕೆಲವು ರೇಷ್ಮೆಗೂಡಲ್ಲಿ ಎಳೆ ಸಿಗಲ್ಲ. ಅಂಥದ್ದನ್ನ ಬಲವಂತ ಮಾಡಿದ್ರೆ ಇಡೀ ನೂಲೇ ಹಾಳು. ನಿನ್ ಪೆಟ್ಗೆ ಮೊದ್ಲೇ ಹೇಳ್ತು. ಅದ್ರ ಮೇಲೆ ಯಾಕಪ್ಪ ಸಿಟ್ಟು?"

ಊರಲ್ಲಿ ಈಗ ನನ್ನನ್ನು ಮದ್ರಾಸಿನವನು ಎನ್ನುತ್ತಾರೆ, ಇಲ್ಲಿ ಕನ್ನಡದ ಹುಡುಗ ಎನ್ನುತ್ತಾರೆ. ಎರಡೂ ಕಡೆಯವನಾಗಿರುವುದರಿಂದ ಯಾರಿಗಾದರೂ ಉಪಯೋಗವಾಗುತ್ತದೆ ಎಂದುಕೊಂಡಿದ್ದೆ. ಎದ್ದು ನಿಂತು, ಯಾರ ದನಿಯನ್ನೂ ತೆಗೆಯದೆ ಹೇಳಿದೆ:

"ಇನ್ನೊಂದು ಲಿವರ್ ಬಂದಾಗ ನಾನೇ ಬಂದು ಹೇಳ್ತೀನಿ, ಆಯ್ತಾ ಅಮ್ಮ?"

ಸರೋಜಮ್ಮ ಟೋಪಿಯನ್ನು ದಿಂಬಿನ ಕೆಳಗಿಟ್ಟರು.

"ಬಾ, ಹೇಳು. ಆದ್ರೆ ಅದು ಯಾವೂರಿನ ಆಯ್ತು ಅಂತ ಬಾಗ್ಲಲ್ಲೇ ಹೇಳ್ಬಿಟ್ಟು ಆಮೇಲೆ ಒಳಕ್ ಬಾ ಕಣಪ್ಪ."