ಬಸಪ್ಪಣ್ಣ ಮೆಟ್ಟಿಲು ಹತ್ತಿದ ಮಧ್ಯಾಹ್ನ

1986ರಲ್ಲಿ, ಆರನೇ ಇಯತ್ತೆಗೆ, ಶಾಲೆ ಬಿಟ್ಟವನು ನಾನು. ಆದರೂ ಓದಿದವರೇ ದೆವ್ವ ಭೂತ ಎಂದರೂ ನಗುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಗೋವಾದಲ್ಲಿ ಗ್ರಾನೈಟ್ ಕೊಯ್ಯುವುದು ನನ್ನ ಕೆಲಸವಾಗಿತ್ತು. ಕೊಯ್ಯುವ ಮಷಿನ್ನಿನ ಬ್ಲೇಡಿಗೆ ನೀರು ಬಿಟ್ಟರೆ ಧೂಳು ಏಳುವುದಿಲ್ಲ. ಆದರೆ ಹಾಕಿದ ಗೆರೆ ಅಳಿಸುತ್ತದೆ, ಕೆಲಸ ತಡವಾಗುತ್ತದೆ. ನಾನು ಒಣಗಲ್ಲನ್ನೇ ಕೊಯ್ಯುತ್ತಿದ್ದೆ. ನನ್ನಷ್ಟು ಬೇಗ ಕೊಯ್ಯುವವರು ಇರಲಿಲ್ಲ. ಸಂಜೆ ಒಂದು ಉಂಡೆ ಬೆಲ್ಲ ತಿಂದರೆ ಎದೆಯ ಧೂಳೆಲ್ಲ ಇಳಿದುಹೋಗುತ್ತದೆಂದು ನಮ್ಮವರ ನಂಬಿಕೆ. ನನಗೆ ಕೆಲಸ ಕಲಿಸಿದ ಬಸಪ್ಪಣ್ಣನೂ ಹಾಗೇ ತಿಂದ. ಕೊನೆಗೆ ಉಸಿರು ಸಾಲದೆ ಸಿಂದಗಿ ಕಡೆಯ ತನ್ನ ಊರಿಗೆ ಹೋಗಿ ಹಾಸಿಗೆ ಹಿಡಿದ. ನನಗೂ ಆಗ ಎರಡು ವರ್ಷದಿಂದ ಕೆಮ್ಮಿತ್ತು. ಬೀಡಿಯ ಕೆಮ್ಮು ಅಂದುಕೊಂಡಿದ್ದೆ.

2007ರ ಒಂದು ಮಧ್ಯಾಹ್ನ. ಕಲಂಗುಟ್‌ನಲ್ಲಿ ಕಟ್ಟುತ್ತಿದ್ದ ಹೋಟೆಲಿನ ಮೂರನೇ ಮಹಡಿಯಲ್ಲಿ ಒಬ್ಬನೇ ಇದ್ದೆ. ಉಳಿದವರು ಊಟಕ್ಕೆ ಇಳಿದಿದ್ದರು. ಮಷಿನ್ ನಿಲ್ಲಿಸಿದೆ. ಮೆಟ್ಟಿಲ ಮೇಲೆ ಉಸಿರು ಕೇಳಿಸಿತು, ಸಿಳ್ಳೆಯಂಥ ಉಸಿರು. ನಾಲ್ಕು ಮೆಟ್ಟಿಲು ಹತ್ತುವುದು, ನಿಂತು ಕೆಮ್ಮುವುದು, ಮತ್ತೆ ನಾಲ್ಕು. ಹಾಗೆ ಹತ್ತುತ್ತಿದ್ದವನು ಬಸಪ್ಪಣ್ಣನೊಬ್ಬನೇ. ಇಣುಕಿದರೆ ಯಾರೂ ಇಲ್ಲ. ಉಸಿರು ಮಾತ್ರ ಬಂದು ನನ್ನ ಮಗ್ಗುಲಲ್ಲಿ ನಿಂತಿತು. ಮಷಿನ್ ಅಲ್ಲೇ ಬಿಸುಟು ಬರಿಗಾಲಲ್ಲಿ ರಸ್ತೆಗೆ ಓಡಿದೆ. ಕುಸಿದು ಕೂತಾಗ ಅದೇ ಸಿಳ್ಳೆ ನನ್ನ ಎದೆಯಿಂದ ಬರುತ್ತಿತ್ತು.

ಬೂತಿನಿಂದ ಅವನ ಮನೆಗೆ ಫೋನ್ ಮಾಡಿದೆ. "ತಿಂಗಳಾತ್ರಿ, ಹಾಸಗಿ ಬಿಟ್ಟು ಎದ್ದಿಲ್ಲ" ಎನ್ನುತ್ತ ಅವನ ಹೆಂಡತಿ ಫೋನನ್ನು ಅವನ ಕಿವಿಗೆ ಹಿಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವನೆಂದ:

"ಏನಲೇ ಶೂರಾ... ನಾ ಅಷ್ಟು ಮೆಟ್ಲ ಹತ್ತಿ ಬಂದ್ರ... ಓಡಿ ಹೋಗೂದೇನು?"

ಸಿಳ್ಳೆಯ ಉಸಿರೆಳೆದುಕೊಂಡು ಅವನೇ ಮುಂದುವರಿಸಿದ:

"ಬೆಲ್ಲಾ ನಂಬಿ ಕುಂದರಬ್ಯಾಡ. ನಾಳಿಗೇ ಎದಿ ತೋರ್ಸು."

ತೋರಿಸಿದೆ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ ಎಂದರು ಡಾಕ್ಟರು. ಬೆಲ್ಲ ಹೋಗುವುದು ಹೊಟ್ಟೆಗೆ, ಅಲ್ಲಿಗಲ್ಲ. ತಿಂಗಳುಗಟ್ಟಲೆ ಬಿಡದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ತೂಕ ಇಳಿಯುವುದು, ಇವೆಲ್ಲ ಮೊದಲೇ ಕೊಟ್ಟ ಸೂಚನೆಗಳಂತೆ. ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಬರಬೇಕಂತೆ. ಕೆಟ್ಟದ್ದು ಸರಿಹೋಗುವುದಿಲ್ಲ, ಧೂಳು, ಬೀಡಿ ಬಿಟ್ಟರೆ ಉಳಿದದ್ದು ಉಳಿದೀತು.

ಬಸಪ್ಪಣ್ಣ ಎಂಟು ದಿನಕ್ಕೆ ತೀರಿಕೊಂಡ. ನಾನು ಓಡಿದ್ದು ಅವನಿಗೆ ಹೇಗೆ ತಿಳಿಯಿತೋ, ಕೇಳುವ ಧೈರ್ಯ ಬರಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.

ಈಗ ನನಗಿರುವುದು: ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಗೋವಾದ ಸಾಂಖಳಿಯಲ್ಲಿ ಒಂದು ತರಕಾರಿ ಗಾಡಿ, ಬಾಯಿಗೆ ಎಳೆದುಕೊಳ್ಳುವ ಔಷಧದ ಒಂದು ಪಂಪು, ಅರ್ಧ ಎದೆಯ ಉಸಿರು.