ಎಮ್ಮೆಯ ಮುಖ

ಎಮ್ಮೆಯ ಚಿತ್ರ ಬರೆಯೋದರಲ್ಲಿ ಇಡೀ ದಿಲ್ಲಿಯಲ್ಲಿ ನನ್ನನ್ನು ಮೀರಿಸೋರಿಲ್ಲ ಅಂತ ಈಗಲೂ ಹೇಳ್ತೀನಿ. ಚಡ್ಡಿ ಹಾಕೋ ಕಾಲದಿಂದ ಊರಲ್ಲಿ ಎಮ್ಮೆ ಕಾಯ್ದವನು ನಾನು. ಮಕ್ಕಳಿಗಾಗಿ ಎಮ್ಮೆಯ ಕಥೆಯೊಂದನ್ನು ಬರೆದು, ಚಿತ್ರಗಳನ್ನೂ ನಾನೇ ಬಿಡಿಸಿ, ಎದೆಯುಬ್ಬಿಸಿಕೊಂಡು ಪ್ರಕಾಶಕರ ಆಫೀಸಿಗೆ ಹೋದೆ. ಅದು ನನ್ನ ಮೊದಲ ಪುಸ್ತಕ.

ಸಂಪಾದಕಿ ಮೇಡಂ ಹಾಳೆಗಳನ್ನು ತಿರುವಿ ಹಾಕಿ, "ಎಲ್ಲಾ ಪುಟದಲ್ಲೂ ಬಾಲವೇ ಇದೆಯಲ್ಲ, ಮುಖ ಎಲ್ಲಿ?" ಅಂದರು.

ನೋಡಿದರೆ ನಿಜ. ಬಾಲ್ಯವೆಲ್ಲ ಎಮ್ಮೆಗಳ ಹಿಂದೆಯೇ ನಡೆದವನು ಹಿಂಭಾಗ ಬಿಟ್ಟು ಇನ್ನೇನು ಬರೆದಾನು?

"ಸೋಮವಾರದೊಳಗೆ ಮುಖ ತನ್ನಿ. ಇಲ್ಲದಿದ್ದರೆ ಚಿತ್ರಗಳನ್ನು ಬೇರೆಯವರ ಕೈಲಿ ಬರೆಸ್ತೀವಿ."

ಮರುದಿನವೇ ಘಾಜಿಯಾಬಾದಿನ ಒಂದು ಹಾಲಿನ ಡೈರಿಗೆ ಓಡಿದೆ. ಒಡತಿ, "ಎಷ್ಟು ಲೀಟರ್ ಬೇಟಾ?" ಅಂತ ಕೇಳಿದರು.

"ಹಾಲು ಬೇಡ ಮಾತಾಜಿ, ಎಮ್ಮೆಯ ಮುಖ ನೋಡಬೇಕು."

"ಅಚ್ಛಾ! ಹೆಣ್ಣು ನೋಡೋಕೆ ಬಂದಿದ್ದೀಯಾ?" ಅಂತ ಜೋರಾಗಿ ನಕ್ಕರು. ಆದರೆ ಎಮ್ಮೆಯ ಹಣೆ ತೊಳೆದು, ಕೊಂಬಿಗೆ ಎಣ್ಣೆ ಸವರಿ, ನಾನು ಬರೆದು ಮುಗಿಸುವವರೆಗೂ ಹಗ್ಗ ಹಿಡಿದು ಬಿಸಿಲಲ್ಲೇ ನಿಂತರು. ಯಾರೋ ಗುರುತಿಲ್ಲದವನಿಗಾಗಿ ಇಡೀ ಮಧ್ಯಾಹ್ನ! ಆ ಋಣ ನನ್ನ ಮೇಲೆ ಈಗಲೂ ಇದೆ.

ಪುಸ್ತಕ ನನ್ನ ಚಿತ್ರಗಳ ಜೊತೆಗೇ ಬಂತು. ಮೊದಲ ಪ್ರತಿಯನ್ನು ಅವರಿಗೇ ಕೊಟ್ಟೆ. ಅವರು ಪುಟ ತೆರೆದು ಮೊದಲು ಎಮ್ಮೆಗೆ ತೋರಿಸಿದರು. ಅದು ತನ್ನ ಮುಖವನ್ನು ಒಮ್ಮೆ ಮೂಸಿ ನೋಡಿ, ನಿಧಾನವಾಗಿ ತಿರುಗಿ, ನನಗೆ ಬಾಲ ತೋರಿಸಿ ನಿಂತಿತು.

ಅದಕ್ಕೂ ನನ್ನ ಹಳೆಯ ಚಿತ್ರಗಳೇ ಇಷ್ಟವಾಗ್ತಿದ್ದವೋ ಏನೋ.